ಸೋಮವಾರ ಬರ್ರಿ

ನನ್ನ ಮಗ ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಈ ಒಂದು ಮಾತು ತಲೆ ಹೊಕ್ಕು ಕುಳಿತು ತಿಂಗಳುಗಳೇ ಆದವು. ಹಾಲು ಕಾಯಿಸುವಾಗಲೂ ಅದೇ, ಬಟ್ಟೆ ಮಡಿಸುವಾಗಲೂ ಅದೇ. "ಪ್ರಭೂ" ಅನ್ನುತ್ತೇನೆ. ಅವನು ನೆಲದ ಮೇಲೆ ನೂಲಿನ ರೀಲು ಉರುಳಿಸುತ್ತಲೇ ಇರುತ್ತಾನೆ. ಎದುರಿಗೆ ಹೋಗಿ ಕುಳಿತರೆ ಮುಖವೆಲ್ಲ ಬಾಯಾಗಿ ನಗುತ್ತಾನೆ. ಛೇ, ನನಗೇ ಹುಚ್ಚು ಅನ್ನಿಸುತ್ತದೆ. ಮೆಲ್ಲಗೆ ಎದ್ದು ಅವನ ಬೆನ್ನ ಹಿಂದೆ ಹೋಗಿ ಮತ್ತೆ ಕರೆಯುತ್ತೇನೆ. ರೀಲು ಉರುಳುತ್ತಲೇ ಇರುತ್ತದೆ.

ಮನೆಯಲ್ಲಿ ಹೇಳಿದರೆ ಉತ್ತರ ಸಿದ್ಧವಾಗಿಯೇ ಇತ್ತು. ನಮ್ಮದು ಜೀನ್ಸ್ ಹೊಲಿಯುವ ಮನೆ. ಬಳ್ಳಾರಿಯಲ್ಲಿ ಇಂಥ ಮನೆಗಳಿಗೆ ಲೆಕ್ಕವಿಲ್ಲ. ಕೆಳಗೆ ಶೆಡ್ಡು, ನಡುವೆ ನಾವು, ಮೇಲೆ ಒಂದು ಬಾಡಿಗೆ ಕೋಣೆ. ಬೆಳಿಗ್ಗೆ ಮಷಿನ್ನುಗಳು ಶುರುವಾದರೆ ದಪ್ಪ ಬಟ್ಟೆಯ ಮೇಲೆ ಸೂಜಿ ಬೀಳುವ ಸದ್ದು ಗೋಡೆ ಹಿಡಿದು ಮೇಲೆ ಹತ್ತುತ್ತದೆ, ಗೂಡಿನಲ್ಲಿಟ್ಟ ಸ್ಟೀಲ್ ಲೋಟಗಳು ನಡುಗುತ್ತವೆ. ಮಾತಾಡಬೇಕೆಂದರೆ ಕೂಗಲೇಬೇಕು. ನಾನು ಬೆಂಗಳೂರಿನಲ್ಲಿ ಓದಿ ಬೆಳೆದವಳು. ಮದುವೆಯಾಗಿ ಬಂದ ಹೊಸದರಲ್ಲಿ ಇವರೆಲ್ಲ ನನ್ನ ಮೇಲೆ ಸಿಟ್ಟಾಗಿದ್ದಾರೆಂದೇ ತಿಳಿದು ಬಚ್ಚಲುಮನೆಯಲ್ಲಿ ಅತ್ತಿದ್ದೆ.

"ಮಷಿನ್ ಮನಿ ಕೂಸು ಅದು," ಅನ್ನುತ್ತಿದ್ದರು ಅತ್ತೆ ವೀರಭದ್ರಮ್ಮ. "ಹೊಟ್ಟ್ಯಾಗಿದ್ದಾಗಿಂದ ಇದೇ ಸಪ್ಪಳ ಕೇಳೈತಿ. ನಿನ್ನ ಗುಬ್ಬಿ ದನಿಗೆ ಯಾಕ ಹೊಳ್ಳಿ ನೋಡತೈತಿ? ನಮ್ಮ ಚನ್ನೂನೂ ಹಂಗ ಇದ್ದ. ಮಷಿನ್ ಬಾಜೂಕ ಅರಿವಿ ಗುಡ್ಡಿ ಮ್ಯಾಲ ಮಲಗತಿದ್ದ. ಮೂರು ವರ್ಷಕ್ಕ ಮಾತಾಡಿದ. ಈಗ ನೋಡು, ಬಾಯಿ ಮುಚ್ಚಸಾಕ ಆಗವಲ್ದು."

ಚನ್ನು ಎಂದರೆ ಚನ್ನಬಸವರಾಜ, ನನ್ನ ಗಂಡ. ಶೆಡ್ಡು ನೋಡಿಕೊಳ್ಳುವವರು ಅವರೇ. "ಮೊದ್ಲು ಆ ಫೋನ್ ತಗದು ಅತ್ಲಾಗ ಇಡು. ಅದರಾಗ ಓದಿ ಓದಿ ದಿನಕ್ಕೊಂದು ರೋಗ ಹುಡುಕ್ತಿ" ಎಂದು ಬಿಟ್ಟರೆ ಅವರ ಪಾಲಿಗೆ ವಿಷಯ ಮುಗಿಯಿತು.

ಅವರನ್ನು ದೂರಿ ಏನು ಪ್ರಯೋಜನ? ನೆತ್ತಿ ಮಿಡಿಯುತ್ತದೆಂದು ಒಮ್ಮೆ, ಕಕ್ಕ ಹಸಿರಾಯಿತೆಂದು ಒಮ್ಮೆ, ನಿದ್ದೆಯಲ್ಲಿ ನಕ್ಕನೆಂದು ಒಮ್ಮೆ ಮಕ್ಕಳ ಡಾಕ್ಟರ ಬಳಿಗೆ ಓಡಿದವಳು ನಾನು. ಅವರು ಈಗೀಗ ನನ್ನನ್ನು ಬಾಗಿಲಲ್ಲಿ ಕಂಡರೆ ಮಗುವನ್ನು ಬಿಟ್ಟು "ನೀವು ಸರಿಯಾಗಿ ಊಟ ಮಾಡ್ತೀರೇನಮ್ಮಾ?" ಎಂದು ಕೇಳುತ್ತಿದ್ದರು. ಈ ಸಲದ ಹೆದರಿಕೆ ನಿಜವೋ, ಹಿಂದಿನವುಗಳ ತಮ್ಮನೋ, ನನಗೇ ಗೊತ್ತಾಗುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ನಮ್ಮ ಮೇಲಿನ ಕೋಣೆಗೆ ಬಂದು ಇಳಿದವರು ಯಾರು ಅಂತೀರಿ? ಒಬ್ಬ ಕಿವಿ ಡಾಕ್ಟರು! ಹೆಸರು ನೀಮಾ. ಟಾಂಜಾನಿಯಾ ದೇಶದ ಮ್ವಾಂಜಾ ಎಂಬ ಪಟ್ಟಣ, ಸಮುದ್ರದಂಥ ಒಂದು ಸರೋವರದ ದಂಡೆಯಲ್ಲಿ ಇದೆಯಂತೆ. ಇಲ್ಲಿಯ ಒಂದು ಖಾಸಗಿ ಕಿವಿ ಆಸ್ಪತ್ರೆಯಲ್ಲಿ, ತೂತು ಬಿದ್ದ ಕಿವಿತಮಟೆಗೆ ತೇಪೆ ಹಾಕುವ ಆಪರೇಷನ್ ಕಲಿಯಲು ಮೂರು ತಿಂಗಳ ಮಟ್ಟಿಗೆ ಬಂದಿದ್ದರು. ಎತ್ತರದ ಹೆಂಗಸು, ಹಣೆಯಿಂದ ಹಿಂದಕ್ಕೆ ಬಿಗಿದ ಸಣ್ಣ ಸಣ್ಣ ಜಡೆಗಳು. ಓಣಿಯ ಜನ ಬಾಗಿಲಿಗೆ ಬಂದು ನಿಂತು ನೋಡಿದ ರೀತಿಗೆ ನಾನು ನಾಚಿಕೆಯಿಂದ ಕುಗ್ಗಿಹೋದೆ. ಅತ್ತೆ ಮಾತ್ರ ಕೆಳಗಿಳಿದು ಬಂದು ನೀಮಾರ ಕೈಯ ಸೂಟ್‌ಕೇಸನ್ನೇ ಕಿತ್ತುಕೊಂಡರು. "ಏನ್ ನೋಡ್ತೀರಲೇ? ನಿಮ್ಮನಿಗೆ ಬೀಗರು ಬರಂಗಿಲ್ಲೇನು?" ಎಂದು ಓಣಿಗೆಲ್ಲ ಕೇಳುವಂತೆ ಗದರಿಸಿದರು. ನೀಮಾ ಆ ದನಿಗೆ ಬೆಚ್ಚಿ, ಇಲ್ಲೇನೋ ಜಗಳ ನಡೆದಿದೆ, ಬೇರೆ ಕೋಣೆ ನೋಡಿಕೊಳ್ಳಲೇ ಎಂದು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು.

ಅವರ ಕೆಲಸದ ದಿನಗಳು ಹೀಗೆ. ಮಷಿನ್ ಶುರುವಾಗುವ ಮೊದಲೇ ಎದ್ದು, ಬಿಳಿ ಕೋಟನ್ನು ತೋಳಿನ ಮೇಲೆ ಮಡಿಸಿ ಹಾಕಿಕೊಂಡು, ಮೂಲೆಯಲ್ಲಿ ನಿಲ್ಲುವ ಶೇರಿಂಗ್ ಆಟೋದಲ್ಲಿ ಐದನೆಯವರಾಗಿ ತೂರಿಕೊಂಡು ಹೋಗುವುದು. ಇಡೀ ದಿನ ದೊಡ್ಡ ಡಾಕ್ಟರ ಪಕ್ಕ ನಿಲ್ಲುವುದು. "ಅಲ್ಲಿ ನಾನು ಡಾಕ್ಟರಲ್ಲ, ಬರೀ ಎರಡು ಕಣ್ಣು" ಎಂದು ನಗುತ್ತಿದ್ದರು. ಕಿವಿಯೊಳಗೆ ಬೆಂಕಿಕಡ್ಡಿ ಮುರಿದುಕೊಂಡವರು, ಜೋಳದ ಕಾಳು ಹೋಗಿ ಅದು ಉಬ್ಬಿಕೊಂಡು ಒದ್ದಾಡಿದವರು, ಹಾಗೇ ಬಿಟ್ಟು ಬಿಟ್ಟು ಕಿವಿ ಸೋರಿಸಿಕೊಂಡವರು. ನಮ್ಮ ಊರ ಕಡೆಯೂ ಇದೇ, ಕಾಳು ಮಾತ್ರ ಬೇರೆ ಅನ್ನುತ್ತಿದ್ದರು. ಸಂಜೆ ಕಾಲು ಊದಿಸಿಕೊಂಡು ಬಂದು, ಮಹಡಿಯ ಮೇಲೆ ದೀಪ ಹಚ್ಚಿಕೊಂಡು ಕೈ ಪಳಗಿಸಲು ಕುಳಿತುಕೊಳ್ಳುವುದು. ಯಾವುದರ ಮೇಲೆ? ಕೋಳಿ ಮೊಟ್ಟೆಯ ಮೇಲೆ! ಚಿಪ್ಪನ್ನು ಒಂದಿಷ್ಟೇ ಒಡೆದು, ಒಳಗಿನ ತೆಳು ಪೊರೆ ಹರಿಯದಂತೆ ಅದರ ಮೇಲೆ ತೇಪೆ ಕೂರಿಸುವ ಅಭ್ಯಾಸವಂತೆ.

ಲಿಂಗ ಕಟ್ಟಿಕೊಂಡವರ ಮನೆಯಲ್ಲಿ ಮೊಟ್ಟೆ! ಕಸದ ಬುಟ್ಟಿಯಲ್ಲಿ ಚಿಪ್ಪು ಕಂಡ ದಿನ ನನ್ನ ಜೀವ ಬಾಯಿಗೆ ಬಂತು. ಅತ್ತೆ ಅದನ್ನು ದಿಟ್ಟಿಸಿ ನೋಡಿದರು. ನಾನು ಒಂದೇ ಉಸಿರಿಗೆ ವಿವರಿಸಿದೆ.

"ತಿನ್ನಾಕಲ್ಲಲಾ?"

"ಅಲ್ಲ ಅತ್ತೆ. ಕಲಿಯೋದಕ್ಕೆ."

"ಹಂಗಾರ ಮಹಡಿ ಮ್ಯಾಲ ಕಲೀಲಿ. ಕೆಳಗ ಇಳಸಬಾರದು. ಚಿಪ್ಪು ನೀ ಪೇಪರ್‌ನ್ಯಾಗ ಸುತ್ತಿ ದೂರ ಒಗದು ಬಾ, ಬಾಜೂ ಮನಿಯಾಕಿ ನೋಡ್ದಂಗ."

ತೀರ್ಪು ಕೊಟ್ಟದ್ದು ಅವರು, ಬಗಲಲ್ಲಿ ಮಗು, ಇನ್ನೊಂದು ಕೈಯಲ್ಲಿ ಪೇಪರ್ ಪೊಟ್ಟಣ ಹಿಡಿದು ಕಳ್ಳಿಯಂತೆ ಹೋಗಿಬರುವುದು ನನ್ನ ಪಾಲಿಗೆ.

ರಜೆಯ ದಿನ ಭಾನುವಾರ. ಅವತ್ತು ಶೆಡ್ಡಿಗೂ ರಜೆ. ನೀಮಾ ಬೆಳಗಿನ ತಂಪಿನಲ್ಲಿ ಬಳ್ಳಾರಿ ಗುಡ್ಡ ಹತ್ತಿ ಬಂದು, ಬಟ್ಟೆ ಒಗೆದು ಹರವಿ, ಊರಲ್ಲಿ ತಾಯಿಯ ಬಳಿ ಬಿಟ್ಟು ಬಂದ ತನ್ನ ನಾಲ್ಕು ವರ್ಷದ ಮಗಳು ಜವಾದಿಯ ಜೊತೆ ಫೋನಿನಲ್ಲಿ ಹಾಡು ಹೇಳುತ್ತಿದ್ದರು. ಆಮೇಲೆ ಅತ್ತೆಯ ಕೈಗೆ ಸಿಕ್ಕಿಬೀಳುತ್ತಿದ್ದರು. ಇಬ್ಬರಿಗೂ ಪರಸ್ಪರ ಭಾಷೆ ಬಾರದು. ಆದರೆ ಅತ್ತೆ ಚಹಾ ಅಂದರೆ ಅವರಿಗೆ ತಿಳಿಯಿತು, ಚಪಾತಿ ಅಂದರೆ ತಿಳಿಯಿತು, ದವಾಖಾನಿ ಅಂದಾಗಲಂತೂ ನೀಮಾ ಕುರ್ಚಿಯಿಂದ ಎದ್ದೇ ಬಿಟ್ಟರು. ಅವರ ಸ್ವಾಹಿಲಿಯಲ್ಲೂ ಔಷಧಿಗೆ ದವಾ ಎಂದೇ ಹೆಸರು. ಅಷ್ಟು ಸಾಕಾಯಿತು. ಮಂಡಕ್ಕಿ ಮಿರ್ಚಿ ಮುಂದಿಟ್ಟುಕೊಂಡು ಮಧ್ಯಾಹ್ನವೆಲ್ಲ ಹರಟುವರು. ಒಂದು ಭಾನುವಾರ ಪೂರ್ತಿ ಆ ಸಣ್ಣ ಜಡೆಗಳನ್ನು ಹೆಣೆಯುವುದು ಹೇಗೆಂದು ಅತ್ತೆ ಬೆರಳಿಟ್ಟು ಕಲಿತರು. ಇನ್ನೊಂದು ಭಾನುವಾರ ಸಂಗನಕಲ್ಲಿನ ಗುಡ್ಡಕ್ಕೆ ಕರೆದೊಯ್ದು, ಬಡಿದರೆ ಗಂಟೆಯಂತೆ ಮೊಳಗುವ ಕಲ್ಲುಗಳನ್ನು ತೋರಿಸಿ ಬಂದರು. ನನಗೆ ಆ ದಿನ ಮಗುವಿನ ಬಟ್ಟೆ ಇಸ್ತ್ರಿ.

ನನಗೆ ಇದೆಲ್ಲ ಎಷ್ಟು ಚುಚ್ಚುತ್ತಿತ್ತೆಂದರೆ ಹೇಳಲಾರೆ. ಕಿವಿ ಬಲ್ಲವರು ತಲೆಯ ಮೇಲೇ ಇದ್ದಾರೆ, ನನ್ನ ಮಗ ಅವರ ಕಾಲ ಬಳಿಯೇ ರೀಲು ಉರುಳಿಸುತ್ತಾನೆ, ಇವರು ಮಿರ್ಚಿ ತಿನ್ನುತ್ತ ಜಡೆಯ ಮಾತಾಡುತ್ತಾರೆ! ಕೇಳಿಬಿಡೋಣವೆಂದು ಬಾಯಿ ತೆರೆದಾಗಲೆಲ್ಲ ಅತ್ತೆ ಅಲ್ಲೇ ಇರುತ್ತಿದ್ದರು. ಅದೂ ಬಜೆಯ ಬೇರು ಹಿಡಿದುಕೊಂಡು. ಮಾತು ಚೆನ್ನಾಗಿ ಬರಲೆಂದು ಅದನ್ನು ಜೇನಿನಲ್ಲಿ ತೇಯ್ದು ಮಗುವಿನ ನಾಲಿಗೆಗೆ ಸವರುವುದು ಅವರ ನಿತ್ಯದ ವ್ರತ. ನಾನು ಬೇಡವೆಂದರೆ, "ನಿನ್ನ ಗಂಡಗೂ ಇದ ತಿಕ್ಕೀನಿ" ಎನ್ನುವರು.

ಕೇಳುವ ಮೊದಲೇ ಸಿರುಗುಪ್ಪದ ಪ್ರಸಂಗ ನಡೆದುಹೋಯಿತು.

ಸಿರುಗುಪ್ಪ ಅತ್ತೆಯ ತವರು. ಅಲ್ಲಿ ಅವರ ತಂಗಿ ಮಂಜಮ್ಮ ಇದ್ದಾರೆ, ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿ ಮನೆ. ಒಂದು ಭಾನುವಾರ ನೀಮಾರಿಗೆ ಭತ್ತದ ಗದ್ದೆ ತೋರಿಸುವ ನೆಪದಲ್ಲಿ ನಾವೆಲ್ಲ ಹೋದೆವು. ಕನ್ನಡ ಬಾರದವರಿಗೆ ತೆಲುಗಾದರೂ ಬಂದೇ ಬರಬೇಕೆಂಬುದು ಸಿರುಗುಪ್ಪದವರ ನಂಬಿಕೆ. ಮಂಜಮ್ಮ ತೆಲುಗಿನಲ್ಲಿ "ರಾಮ್ಮಾ, ಕೂರ್ಚೋಮ್ಮಾ" ಎಂದು ಬರಮಾಡಿಕೊಂಡು, ಊಟದ ತಟ್ಟೆ ಎತ್ತುವ ಮೊದಲೇ ಮೊಮ್ಮಗಳು ಚೈತ್ರಾಳನ್ನು ಎಳೆದು ತಂದು ನಿಲ್ಲಿಸಿದರು. ಏಳೆಂಟು ವರ್ಷದ ಹುಡುಗಿ, ಒಂದು ಕಿವಿ ಹತ್ತಿಯಿಂದ ತುಂಬಿತ್ತು.

"ಈಕಿ ಕಿವಿ ಸೋರ್ತೈತಿ. ಒಂಚೂರು ನೋಡ್ರಿ. ಮನಿಗೇ ಡಾಕ್ಟರು ಬಂದಾರ, ಮತ್ಯಾಕ ದವಾಖಾನಿಗೆ ಹೋಗಬೇಕು?"

ನೀಮಾ ಫೋನಿನ ಬೆಳಕು ಹಿಡಿದು ನೋಡಿದರು. ಹತ್ತಿಯನ್ನು ಮೂಸಿ ನೋಡಿದರು. ಅವರ ಮುಖ ಬದಲಾಯಿತು. ಎಣ್ಣೆ ಹಾಕಬೇಡಿ, ಕಾಲುವೆಯಲ್ಲಿ ಮುಳುಗಿಸಬೇಡಿ, ನಾಳೆಯೇ ಬಳ್ಳಾರಿಗೆ ಕರೆತನ್ನಿ, ಇದು ಮೂಳೆಯತ್ತ ಹೋಗುವ ಜಾತಿಯದು ಎಂದರು. ನಾನು ಒಂದೊಂದು ಮಾತನ್ನೂ ಕನ್ನಡದಲ್ಲಿ ಎರಡೆರಡು ಸಲ ಹೇಳಿದೆ. ಮಂಜಮ್ಮ ಎಲ್ಲಕ್ಕೂ ಹೂಂಗುಟ್ಟಿದರು. ನಾವು ಬಸ್ಸು ಹತ್ತಿದ ಮೇಲೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ಆ ಕಿವಿಗೆ ಹೊಯ್ದರು.

ವಾರ ಕಳೆಯುವುದರೊಳಗೆ ಹುಡುಗಿಯ ಕಿವಿಯ ಹಿಂದೆ ಬಾವು ಎದ್ದಿತು. ಮಂಜಮ್ಮನ ಫೋನು ಬಂತು. ಸ್ಪೀಕರ್ ಹಾಕುವ ಅಗತ್ಯವೇ ಇರಲಿಲ್ಲ. "ನಿಮ್ಮ ಡಾಕ್ಟರಮ್ಮ ಮುಟ್ಟಿದ ಮ್ಯಾಲ ಹಿಂಗಾತಕ್ಕ! ಅದರ ಮೊದಲು ಬರೇ ಸೋರತಿತ್ತು. ಆಕಿ ದೃಷ್ಟಿನ ತಾಗೈತಿ."

"ಎಣ್ಣಿ ಹೊಯ್ದಾಕಿ ನೀನು, ದೃಷ್ಟಿ ಆಕಿದೇನಲೇ?" ಅತ್ತೆ ಮಷಿನ್ನುಗಳನ್ನೂ ಮೀರಿಸಿ ಕೂಗಿದರು. "ನಾಚಿಕಿ ಆಗಂಗಿಲ್ಲ ನಿನಗ? ಹುಡುಗೀನ ಈಗಿಂದೀಗ ಕರಕೊಂಡು ಬಾ."

ಛಲಕ್ಕೆ ಬಿದ್ದು ಅವರು ಬರಲಿಲ್ಲ. ಬೇರೆ ಎಲ್ಲೋ ಅಲೆದು, ಕೊನೆಗೆ ಜ್ವರ ಏರಿದಾಗ ಆಪರೇಷನ್ ಆಯಿತು. ಹುಡುಗಿ ಉಳಿದಳು. ಆ ಕಿವಿ ಉಳಿಯಿತೋ ಇಲ್ಲವೋ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನೀಮಾ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಅತ್ತೆಯ ಬಳಿ ಬಂದು, ರಜೆಯ ದಿನ ಯಾರಾದರೂ ಕಿವಿ ತೋರಿಸಿದರೆ ಕನ್ನಡದಲ್ಲಿ ಏನು ಹೇಳಬೇಕೆಂದು ಕೇಳಿದರು. ಅತ್ತೆ ಕಲಿಸಿದ್ದು ಎರಡೇ ಮಾತು: "ಸೋಮವಾರ ಬರ್ರಿ."

ಅಲ್ಲಿಂದ ಮುಂದೆ ಅದೇ ಮಂತ್ರ. ಓಣಿಯ ಜಡೆಪ್ಪ ಕಿವಿಯೊಳಗೆ ಗುಂಯ್ ಅನ್ನುತ್ತದೆಂದು ಬಂದ: ಸೋಮವಾರ ಬರ್ರಿ. ಹಾಲಿನವಳು ಬಂದಳು: ಸೋಮವಾರ ಬರ್ರಿ. ಎಷ್ಟು ನಗುತ್ತ ಹೇಳುತ್ತಿದ್ದರೆಂದರೆ ಯಾರಿಗೂ ಸಿಟ್ಟೇ ಬರುತ್ತಿರಲಿಲ್ಲ, ನನ್ನೊಬ್ಬಳನ್ನು ಬಿಟ್ಟು. ಸೋಮವಾರ ಮೆಟ್ಟಿಲಲ್ಲಿ ಅಡ್ಡ ನಿಂತು ಮಗುವನ್ನು ತೋರಿಸಹೋದರೆ ಆಟೋ ತಪ್ಪುತ್ತದೆ ಎಂದು ಓಡುವರು. "ಆಸ್ಪತ್ರೆಗೆ ಕರೆತನ್ನಿ, ಅಲ್ಲಿ ಯಂತ್ರ ಇದೆ, ಅದಕ್ಕಾಗಿಯೇ ಇರುವ ಜನ ಇದ್ದಾರೆ" ಎಂದು ಅಲ್ಲಿಯ ನಂಬರನ್ನೂ ಕೊಟ್ಟರು. ನಾನು ಅದನ್ನು ಒತ್ತುವುದು, ಗಂಟೆ ಬಾರಿಸುವ ಮೊದಲೇ ಕತ್ತರಿಸುವುದು. ಅಲ್ಲಿ ಏನೂ ಇಲ್ಲವೆಂದರೆ ಮನೆಯವರು ಜೀವನವಿಡೀ ಆಡಿಕೊಳ್ಳುತ್ತಾರೆ. ಇದೆ ಎಂದರೆ? ಅದರಾಚೆಗೆ ಯೋಚನೆ ಹೋಗುತ್ತಲೇ ಇರಲಿಲ್ಲ.

ಹೀಗೇ ಒಂದು ಭಾನುವಾರ ಅತ್ತೆ ಕುರುಗೋಡಿಗೆ ಹೊರಟು ನಿಂತರು. ನೀಮಾ ಇನ್ನು ಕೆಲವೇ ವಾರ ಇರುವವರು, ದೊಡ್ಡ ಬಸವೇಶ್ವರನನ್ನು ನೋಡದೆ ಕಳಿಸಿದರೆ ಹೇಗೆ ಎಂದು. ಗಂಡ ಬಟ್ಟೆಯ ಲೋಡು ಬರುತ್ತದೆಂದು ತಪ್ಪಿಸಿಕೊಂಡರು. ನಾವು ಮೂವರು ಹೆಂಗಸರು, ಒಂದು ಮಗು, ಎರಡು ಡಬ್ಬಿ ರೊಟ್ಟಿ, ಒಂದು ಚೀಲ ಡೈಪರು ಬಸ್ಸಿನಲ್ಲಿ ಹೊರಟೆವು. ಬಿಸಿಲು. ನಾನು ಮಗುವಿನ ತಲೆಗೆ ಟೋಪಿ ಹಾಕುವುದು, ಅವನು ಕಿತ್ತೆಸೆಯುವುದು, ಅತ್ತೆ "ಗಾಳಿ ಆಡ್ಲಿ ಬಿಡು" ಅನ್ನುವುದು.

ಗುಡಿಯೊಳಗೆ ಆ ಭಾರೀ ಬಸವಣ್ಣನ ಮುಂದೆ ನೀಮಾ ಕತ್ತೆತ್ತಿ ನಿಂತುಬಿಟ್ಟರು. ನಾನು ಮಗುವಿಗೆ ನೀರು ಕುಡಿಸಲು ಕಂಬದ ಮರೆಗೆ ಹೋದೆ. ಅತ್ತೆ ನನ್ನನ್ನು ನೋಡಿರಲಿಲ್ಲ. ಹೂವು ಇಟ್ಟು, ಹಣೆ ನೆಲಕ್ಕೆ ಮುಟ್ಟಿಸಿ, ಅವರಿಗೆ ಪಿಸುಮಾತೆಂದರೆ ನಮಗೆಲ್ಲ ಸಾಧಾರಣ ದನಿ, ಹೇಳುತ್ತಿದ್ದರು: "ಅಪ್ಪಾ ಬಸವಣ್ಣ, ಕೂಸಿನ ಕಿವಿಗೆ ಏನೂ ಆಗಿರಬಾರದು ನೋಡಪ್ಪ. ನಾನು ಆಕಿ ಮುಂದ ಏನೂ ಅಂದಿಲ್ಲ. ಆಕಿ ಮೊದಲ ಅಂಜುಬುರಕಿ. ನೀನ ನೋಡಬೇಕು."

ನನ್ನ ಕೈಯ ಬಾಟಲಿ ಮಗುವಿನ ಅಂಗಿಯ ಮೇಲೆ ಸುರಿಯಿತು. ಎಂಥ ಸಿಟ್ಟು ಬಂತೆಂದರೆ! ತಿಂಗಳುಗಟ್ಟಲೆ ನನ್ನನ್ನು ಮಷಿನ್ನಿನ ಕಥೆ ಹೇಳಿ ಬಾಯಿ ಮುಚ್ಚಿಸಿದ್ದಾರೆ, ಇವರಿಗೂ ಅದೇ ಅನುಮಾನ! ಬಸವಣ್ಣನಿಗೆ ಹೇಳಬಹುದು, ಹೆತ್ತವಳಿಗೆ ಹೇಳಬಾರದು! ಅಲ್ಲೇ ಹಿಡಿದು ಕೇಳಬೇಕೆಂದುಕೊಂಡೆ. ಎದ್ದು ನಿಂತ ಅತ್ತೆಯ ಕಣ್ಣುಗಳು ಒದ್ದೆಯಾಗಿದ್ದವು, ನನ್ನನ್ನು ನೋಡಿದ ಕೂಡಲೇ "ಏನದು, ಕೂಸಿನ ಅಂಗಿ ಎಲ್ಲ ತೊಯ್ಸಿಟ್ಟಿ" ಎಂದು ಬೈದರು. ನಾನು ಅಂಗಿ ಬಿಚ್ಚಿ ಹಿಂಡಿದೆ.

ವಾಪಸ್ ಬರುವಾಗ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದೆವು. ಪ್ರಭು ನನ್ನ ಹೆಗಲ ಮೇಲೆ ಮುಖವಿಟ್ಟು ತಾಳಿಸರ ಜಗಿಯುತ್ತಿದ್ದ. ಹಿಂದಿನಿಂದ ಬಂದ ಬಸ್ಸೊಂದು ನಮ್ಮ ಬೆನ್ನಿಗೇ ಹಾರ್ನ್ ಹೊಡೆಯಿತು. ಕಿವಿ ಸೀಳುವಂಥ ಹಾರ್ನು. ನಾನು ಹಾರಿಬಿದ್ದೆ. ನೀಮಾರ ಕೈಯ ಚೀಲ ಬಿತ್ತು. ಪಕ್ಕದ ಬೆಂಚಿನ ಮೇಲೆ ಮಲಗಿದ್ದ ಎಳೆ ಕೂಸೊಂದು ಕೈಕಾಲು ಸೆಟೆದು ಕಿರುಚಿ ಅಳತೊಡಗಿತು. "ನಿನ್ನ ಹಾರ್ನಿಗೆ ಬೆಂಕಿ ಹತ್ತಲಿ!" ಅತ್ತೆ ಡ್ರೈವರನನ್ನು ಶಪಿಸಿದರು. ಪ್ರಭು ತಾಳಿಸರ ಜಗಿಯುತ್ತಲೇ ಇದ್ದ.

"ನೋಡು ನಮ್ಮಪ್ಪನ ಧೈರ್ಯ," ಅತ್ತೆ ಅವನ ಬೆನ್ನು ಸವರಿದರು. "ಮಷಿನ್ ಮನಿ ಕೂಸು." ಆದರೆ ಈ ಸಲ ಅವರ ದನಿ ತಗ್ಗಿತ್ತು, ನನ್ನ ಮುಖವನ್ನು ಅವರು ನೋಡಲಿಲ್ಲ.

ನೀಮಾ ಬಗ್ಗಿ ಚೀಲ ಎತ್ತಿಕೊಂಡರು. ಅವರು ನೋಡಿದ್ದು ಮಗುವನ್ನೇ.

ಬಸ್ಸಿನಲ್ಲಿ ಅತ್ತೆ ಮುಂದಿನ ಸೀಟಿನಲ್ಲಿ ತೂಕಡಿಸತೊಡಗಿದ ಮೇಲೆ ನಾನು ಇಂಗ್ಲಿಷಿನಲ್ಲಿ ಕೇಳಿದೆ. "ನೀವು ನೋಡಿದಿರಲ್ಲ?"

"ನೋಡಿದೆ."

"ಹಾಗಾದರೆ ಹೇಳಿ."

"ಇವತ್ತು ಭಾನುವಾರ, ಅಂಜನಾ."

ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು. ನೀವು ನಮ್ಮ ಮನೆಯ ಚಹಾ ಕುಡಿಯುತ್ತೀರಿ, ನಿಮ್ಮ ಮೊಟ್ಟೆಯ ಚಿಪ್ಪನ್ನು ನಾನು ಸೆರಗಿನಲ್ಲಿ ಮುಚ್ಚಿ ಒಯ್ದು ಎಸೆಯುತ್ತೇನೆ, ನನ್ನ ಮಗನ ಬಗ್ಗೆ ಒಂದು ಮಾತು ಹೇಳಲು ನಿಮಗೆ ವಾರ ಅಡ್ಡ ಬರುತ್ತದೆಯೇ ಎಂದೆ. ಪಕ್ಕದ ಸೀಟಿನವರು ತಿರುಗಿ ನೋಡುವಷ್ಟು ಜೋರಾಗಿ ಅಂದೆನೆಂದು ಕಾಣುತ್ತದೆ.

ನೀಮಾ ಚೀಲವನ್ನು ಮಡಿಲಿಗೆ ಎಳೆದುಕೊಂಡರು. ಆಮೇಲೆ ಹೇಳಿದರು: "ಹಾರ್ನಿಗೆ ಬೆಚ್ಚಲಿಲ್ಲ ಎಂಬುದರಿಂದ ಏನನ್ನೂ ಖಚಿತವಾಗಿ ಹೇಳಲು ಬರುವುದಿಲ್ಲ. ಪರೀಕ್ಷೆ ಆಗಬೇಕು. ಮಗು ನಿದ್ದೆಯಲ್ಲಿದ್ದಾಗ ಹಣೆಗೆ, ಕಿವಿಯ ಹಿಂದೆ ತಂತಿ ಅಂಟಿಸಿ ನೋಡುತ್ತಾರೆ, ನೋವಿಲ್ಲ. ಸಿರುಗುಪ್ಪದಲ್ಲಿ ನಾನು ಬಾಯಿಬಿಟ್ಟೆ. ಅದು ಹೊರಗಿನವಳ ಮಾತಾಯಿತು. ನನ್ನ ಮೇಲಿನ ಸಿಟ್ಟಿಗೆ ಆ ಹುಡುಗಿಯನ್ನು ಆಸ್ಪತ್ರೆಗೆ ತರುವುದೇ ತಡವಾಯಿತು. ನಿಮ್ಮ ಮನೆ ಹಾಗಲ್ಲ ಅನ್ನುತ್ತೀರಿ. ಇರಬಹುದು. ಆದರೆ ನಾನು ಇನ್ನು ಸ್ವಲ್ಪ ದಿನಕ್ಕೆ ಹೋಗುವವಳು. ಇದು ವರ್ಷಗಟ್ಟಲೆ ಓಡಾಡಬೇಕಾದ ಕೆಲಸ ಆಗಬಹುದು. ಅದನ್ನು ಶುರು ಮಾಡಬೇಕಾದವರು ಇಲ್ಲೇ ಇರುವವರು." ನನ್ನ ಕಡೆ ತಿರುಗಿ ಕೇಳಿದರು, "ನಿಮಗೇನು ಅನ್ನಿಸುತ್ತದೆ? ತಾಯಿ ನೀವು."

"ನನಗೆ ಎಲ್ಲವೂ ಅನ್ನಿಸುತ್ತದೆ," ಅಂದೆ. "ಅದೇ ತೊಂದರೆ."

ಅವರು ನಗಲಿಲ್ಲ. ನನ್ನ ಮಗಳ ವಿಷಯದಲ್ಲಿ ನಾನೂ ಡಾಕ್ಟರಲ್ಲ ಎಂದರು. ಹಾಗೆ ಹೇಳಿದ್ದರಿಂದ ನನಗೇನು ಉಪಕಾರವಾಯಿತು?

ಮರುದಿನ ಎಲ್ಲ ಎಂದಿನಂತೆ ಶುರುವಾಯಿತು. ನೀಮಾ ಕೋಟು ಹಿಡಿದು ಆಟೋಕ್ಕೆ ಓಡಿದರು. ಕೆಳಗೆ ಮಷಿನ್ನುಗಳು ಗುಡುಗತೊಡಗಿದವು, ಗೂಡಿನ ಲೋಟಗಳು ನಡುಗಿದವು. ಅತ್ತೆ ಅಡುಗೆಮನೆಯಲ್ಲಿ ರೊಟ್ಟಿಗೆ ಕುಳಿತರು. ಕುರುಗೋಡಿನ ಬಗ್ಗೆ ನಮ್ಮಿಬ್ಬರಲ್ಲಿ ಒಂದು ಮಾತೂ ಇಲ್ಲ. ನಾನು ಪಡಸಾಲೆಯ ಕಡಪ ಕಲ್ಲಿನ ಮೇಲೆ ಕುಳಿತು ತೊಗರಿಬೇಳೆ ಆರಿಸುತ್ತಿದ್ದೆ. ಪ್ರಭು ನನಗೆ ಬೆನ್ನು ಮಾಡಿ, ಒಂದು ಖಾಲಿ ರೀಲನ್ನು ಇನ್ನೊಂದರ ಮೇಲೆ ನಿಲ್ಲಿಸಲು ನೋಡುತ್ತಿದ್ದ.

ಕರೆಂಟು ಹೋಯಿತು.

ಮಷಿನ್ನುಗಳೆಲ್ಲ ಒಂದೇ ಏಟಿಗೆ ನಿಂತವು. ಫ್ಯಾನು ನಿಧಾನವಾಯಿತು. ಅಂಥ ಸದ್ದು ಥಟ್ಟನೆ ನಿಂತಾಗ ಅದೇ ಒಂದು ಏಟಿನಂತೆ ಬಂದು ತಾಗುತ್ತದೆ. ನನ್ನ ತಲೆ ತಾನಾಗಿ ಮೇಲೆದ್ದಿತು. "ಹೋತು ನೋಡು," ಎಂದರು ಅತ್ತೆ ಒಳಗಿನಿಂದ. ಕೆಳಗೆ ಯಾರೋ ಸಿಳ್ಳೆ ಹಾಕಿದರು. ಕಿಟಕಿಯ ಕಟ್ಟೆಯ ಮೇಲೆ ಮಲಗಿದ್ದ ಓಣಿಯ ಬೆಕ್ಕು ಕೂಡ ಕಿವಿ ನಿಮಿರಿಸಿ ಕಣ್ಣು ಬಿಟ್ಟಿತು.

ಪ್ರಭು ಎರಡನೆಯ ರೀಲನ್ನು ಮೊದಲನೆಯದರ ಮೇಲೆ ಇಟ್ಟ. ಅದು ಬಿತ್ತು. ಮತ್ತೆ ಎತ್ತಿಕೊಂಡ.

ನಾನು ಕಾದೆ. ಒಂದು ಸಲ ತಲೆ ಎತ್ತಲಿ, ಒಂದು ಸಲ ಸುತ್ತ ನೋಡಲಿ. ಸದ್ದಿಗೆ ರೂಢಿಯಾದ ಕಿವಿಗೆ ಸದ್ದು ನಿಂತದ್ದಾದರೂ ತಿಳಿಯಬೇಕಲ್ಲ? ಹುಟ್ಟಿದಾಗಿನಿಂದ ಕೇಳಿದ ಸದ್ದು ಇಲ್ಲವಾದರೆ ಏನಾಯಿತು ಎಂದು ಅನ್ನಿಸಬೇಕಲ್ಲ? ಈ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟು ಹೋಗಿದೆ, ನಾನು ಇನ್ವರ್ಟರನ್ನು ಬೈಯುತ್ತ ಕುಳಿತೆನೇ ಹೊರತು ಒಂದು ದಿನವೂ ಅವನ ಮುಖ ನೋಡಿರಲಿಲ್ಲ.

ಎಂದಿನ ಹೆದರಿಕೆ ಬರಲಿಲ್ಲ. ಬೇಳೆಯ ಮೊರವನ್ನು ಪಕ್ಕಕ್ಕಿಟ್ಟು ಫೋನು ತೆಗೆದುಕೊಂಡೆ, ನಂಬರು ಒತ್ತಿದೆ. ಗಂಟೆ ಬಾರಿಸಿತು. ಈ ಸಲ ಕತ್ತರಿಸಲಿಲ್ಲ.

"ಹಲೋ, ಕಿವಿ ಆಸ್ಪತ್ರಿ," ಒಬ್ಬ ಹುಡುಗಿಯ ದನಿ, ನಡುನಡುವೆ ಕಡಿದು ಹೋಗುತ್ತಿತ್ತು. ಕರೆಂಟು ಹೋದರೆ ನಮ್ಮಲ್ಲಿ ಟವರೂ ಸೊರಗುತ್ತದೆ.

"ನಮಸ್ಕಾರ. ನನ್ನ ಮಗನಿಗೆ ಒಂದು ಪರೀಕ್ಷೆ ಮಾಡಿಸಬೇಕಿತ್ತು," ಎಂದೆ ಮೆಲ್ಲಗೆ, ಅಡುಗೆಮನೆಯ ಕಡೆ ನೋಡುತ್ತ.

"ಏನ್ರೀ? ಜೋರಾಗಿ ಹೇಳ್ರಿ ಮೇಡಂ, ಏನೂ ಕೇಳಸವಲ್ದು."

ಕಿಟಕಿಗೆ ಬಂದೆ. "ಮಗುವಿಗೆ. ಪರೀಕ್ಷೆ."

"ಕೂಸಿಗೇನ್ರಿ? ಏನು ತೊಂದ್ರಿ ಐತಿ?"

"ಅದು… ಸ್ವಲ್ಪ… ಕರೆದರೆ…"

"ಮೇಡಂ, ಜೋರಾಗಿ!"

"ನನ್ನ ಮಗನಿಗೆ ಕಿವಿ ಕೇಳಿಸ್ತಿಲ್ಲ!"

ಮಷಿನ್ನುಗಳಿಲ್ಲದ ಮನೆಯಲ್ಲಿ ಆ ಮಾತು ಮೇಲಿನ ಮಹಡಿಯಿಂದ ಕೆಳಗಿನ ಶೆಡ್ಡಿನವರೆಗೆ ಹೋಯಿತು. ಕೆಳಗೆ ಹರಟುತ್ತಿದ್ದ ಟೇಲರುಗಳು ಸುಮ್ಮನಾದರು. ಮೆಟ್ಟಿಲ ಮೇಲೆ ಗಂಡನ ಚಪ್ಪಲಿಯ ಸದ್ದು ಅರ್ಧಕ್ಕೆ ಬಂದು ನಿಂತಿತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಕೈ ನಿಂತಿತು. ಇಷ್ಟು ದಿನ ನಾನು ಹೆದರಿದ್ದು ಇದಕ್ಕೇ, ಈಗ ಆಗಿಹೋಗಿತ್ತು.

"ಸರಿ ಮೇಡಂ, ಈಗ ಕೇಳಿಸ್ತು," ಎಂದಳು ಆಸ್ಪತ್ರೆಯ ಹುಡುಗಿ, ಇದು ದಿನಕ್ಕೆ ಹತ್ತು ಸಲ ಕೇಳುವ ಮಾತೆಂಬಂತೆ. "ಕೂಸಿನ ವಯಸ್ಸೆಷ್ಟ್ರಿ?"

"ಒಂದೂವರೆ ವರ್ಷ."

"ಇನ್ನೂ ಎರಡು ತಿಂಗಳು ಕಡಿಮಿ ಐತಿ." ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು, ಮೊಣಕೈವರೆಗೆ ಹಿಟ್ಟು. ಅವರು ನನ್ನನ್ನು ನೋಡುತ್ತಿರಲಿಲ್ಲ, ಬಿದ್ದ ರೀಲನ್ನು ಮತ್ತೆ ನಿಲ್ಲಿಸುತ್ತಿದ್ದ ಮೊಮ್ಮಗನನ್ನು ನೋಡುತ್ತಿದ್ದರು. "ಹೇಳೋದು ಸರಿಯಾಗಿ ಹೇಳಬೇಕು. ಮತ್ತ ಮುಂಜಾನಿ ಮೊದಲನೇ ನಂಬರ್ ಕೇಳು. ಬಿಸಿಲಾದ್ರ ಕೂಸಿಗೆ ಆಗಂಗಿಲ್ಲ."

"ಹದಿನಾರು ತಿಂಗಳು," ಎಂದೆ ಫೋನಿಗೆ. "ಬೆಳಿಗ್ಗೆ ಮೊದಲನೇ ನಂಬರ್ ಸಿಗುತ್ತಾ?"